ಹೊಸೂರು ಸೀಮೆಯ ನೋವಿಗೆ ಫೋನಿನಲ್ಲೊಂದು ಲೆಕ್ಕ

ತಮಿಳುನಾಡಿನ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಗೆ ಚಾಲನೆ ಸಿಕ್ಕಿದ್ದು ಹೊಸೂರಿನ ಮಗ್ಗುಲಿನ ಸಾಮನಪಳ್ಳಿಯಲ್ಲಿ. 2021ರ ಆಗಸ್ಟ್ 5ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಕೃಷ್ಣಗಿರಿ ಜಿಲ್ಲೆಯ ಈ ಹಳ್ಳಿಗೆ ಬಂದು ಅದನ್ನು ಆರಂಭಿಸಿದರು. ಜನ ಆಸ್ಪತ್ರೆ ಹುಡುಕಿಕೊಂಡು ಹೋಗುವ ಬದಲು ಆಸ್ಪತ್ರೆಯೇ ಜನರನ್ನು ಹುಡುಕಿಕೊಂಡು ಬರಲಿ ಎಂಬುದು ಯೋಜನೆಯ ತಿರುಳು. ಸ್ವಸಹಾಯ ಗುಂಪುಗಳಿಂದ ಬಂದ ಮಹಿಳಾ ಆರೋಗ್ಯ ಸ್ವಯಂಸೇವಕಿಯರು ಬಿಪಿ ನೋಡುವ ಯಂತ್ರ, ಸಕ್ಕರೆ ನೋಡುವ ಯಂತ್ರ ಹಿಡಿದು ಮನೆಮನೆಗೆ ಹೋಗುತ್ತಾರೆ. ಬಂದ ಅಂಕಿಯನ್ನು ಸರ್ಕಾರದ ಆ್ಯಪ್‌ನಲ್ಲಿ ದಾಖಲಿಸುತ್ತಾರೆ, ಮಾತ್ರೆಗಳನ್ನು ಮನೆಗೇ ತಲುಪಿಸುತ್ತಾರೆ. ಹಾಸಿಗೆ ಹಿಡಿದವರ ಬಳಿಗೆ ಫಿಸಿಯೋಥೆರಪಿಯವರು, ಉಪಶಾಮಕ ಆರೈಕೆಯ ದಾದಿಯರು ಬರುತ್ತಾರೆ. 2024ರಲ್ಲಿ ಈ ಕೆಲಸಕ್ಕೆ ವಿಶ್ವಸಂಸ್ಥೆಯ ಕಾರ್ಯಪಡೆಯ ಪ್ರಶಸ್ತಿಯೂ ಬಂತು.

ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸೀಮೆಯ ಯಾವುದೇ ಹಟ್ಟಿಯ ಜಗಲಿಯಲ್ಲಿ ಕೂತು ಐವತ್ತು ದಾಟಿದವರನ್ನು "ಆರೋಗ್ಯ ಹೆಂಗೈತೆ?" ಅಂತ ಕೇಳಿ ನೋಡಿ. ಮೊದಲು ಬರುವ ಮಾತು ಬಿಪಿಯದಲ್ಲ, ಸಕ್ಕರೆಯದೂ ಅಲ್ಲ. ಮಂಡಿ. ಸೊಂಟ. ಹೆಗಲು. "ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ." ಬಿಪಿಯನ್ನು ಯಂತ್ರ ಅಳೆಯುತ್ತದೆ, ಸಕ್ಕರೆಯನ್ನು ಒಂದು ಹನಿ ರಕ್ತ ಹೇಳುತ್ತದೆ. ನೋವನ್ನು ಅಳೆಯುವ ಯಂತ್ರ ಜಗತ್ತಿನಲ್ಲಿ ಎಲ್ಲೂ ಇಲ್ಲ. ಅದನ್ನು ಅನುಭವಿಸುವವರೇ ಹೇಳಬೇಕು, ಹೇಳಿದ್ದನ್ನು ಯಾರಾದರೂ ಬರೆದಿಟ್ಟುಕೊಳ್ಳಬೇಕು.

ಆ ಬರೆದಿಡುವ ಕೆಲಸವನ್ನು ಕೈಯಲ್ಲಿರುವ ಫೋನಿಗೆ ಒಪ್ಪಿಸಬಹುದೇ? ಜಗತ್ತಿನ ಹಲವು ಕಡೆ ಇದರ ಪ್ರಯೋಗ ನಡೆದಿದೆ. ಅಲ್ಲಿ ಸಿಕ್ಕ ಪಾಠಗಳು ಹೊಸೂರು, ತಳಿ, ದೇನ್ಕಣಿಕೋಟೆ, ಬೇರಿಗೆ, ಶೂಲಗಿರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಎಷ್ಟು ಒಗ್ಗುತ್ತವೆ ಎಂದು ನೋಡುವ ಕಾಲ ಬಂದಿದೆ ಎಂದು ನನಗೆ ಅನ್ನಿಸುತ್ತದೆ.

ನೀರಿನಲ್ಲಿದ್ದ ನೋವು

ಈ ಸೀಮೆಯ ಮೈಕೈ ನೋವಿಗೆ ಎಲ್ಲ ಕಡೆ ಇಲ್ಲದ ಒಂದು ಕಾರಣವಿದೆ. ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳು ಫ್ಲೋರೈಡ್ ಪೀಡಿತ ಪ್ರದೇಶಗಳು. ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ಕರಗಿ ಅಂತರ್ಜಲಕ್ಕೆ ಸೇರುತ್ತದೆ. ಬಾವಿ ಬತ್ತಿ, ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ಕಲ್ಲಿನ ಜೊತೆ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತದೆ. ದಶಕಗಳು ಕಳೆದ ಮೇಲೆ ಮೂಳೆಗೆ ಇಳಿಯುತ್ತದೆ. ಕೀಲು ಬಿಗಿಯುತ್ತದೆ, ಬೆನ್ನು ಬಾಗದಾಗುತ್ತದೆ, ಕುತ್ತಿಗೆ ಹೊರಳದಾಗುತ್ತದೆ.

ಇದು ಹೊಸ ವಿಷಯವೇನಲ್ಲ. ಸಂಶೋಧಕ ಶಾರ್ಟ್ ಮತ್ತು ಸಂಗಡಿಗರು ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಫ್ಲೋರೋಸಿಸ್ ಎಂಬ ಈ ಕಾಯಿಲೆಯನ್ನು ಗುರುತಿಸಿ 1937ರಲ್ಲೇ ಪ್ರಕಟಿಸಿದ್ದರು. ಧರ್ಮಪುರಿ, ಕೃಷ್ಣಗಿರಿಗೆ ಕಾವೇರಿಯ ಸಿಹಿನೀರು ಕೊಡುವ ಯೋಜನೆ ಜಪಾನಿನ ನೆರವಿನಿಂದ ಮುಗಿದು ಉದ್ಘಾಟನೆಯಾದದ್ದು 2013ರಲ್ಲಿ. ಅದರ ಪೂರ್ಣ ಹೆಸರು 'ಹೊಗೇನಕಲ್ ಕುಡಿಯುವ ನೀರು ಸರಬರಾಜು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ'. 2008ರಲ್ಲಿ ತಮಿಳುನಾಡು, ಕರ್ನಾಟಕಗಳ ನಡುವೆ ದೊಡ್ಡ ಗದ್ದಲ ಎದ್ದದ್ದು ಇದೇ ಯೋಜನೆಯ ಬಗ್ಗೆ. ಗಡಿ, ನದಿ, ಪಾಲು ಎಂಬ ಮಾತುಗಳ ನಡುವೆ ಅದರ ಹೆಸರಿನಲ್ಲೇ ಒಂದು ಕಾಯಿಲೆ ಇದೆ ಎಂಬುದು ನಮ್ಮ ಕಡೆ ಬಹಳ ಮಂದಿಯ ಕಿವಿಗೆ ಬೀಳಲಿಲ್ಲ. ಆ ಕಾಯಿಲೆ ಅನುಭವಿಸುತ್ತಿದ್ದವರಲ್ಲಿ ಕನ್ನಡ ಮಾತಾಡುವ ಹಳ್ಳಿಗರೂ ಇದ್ದರು.

ನಲ್ಲಿಯಲ್ಲಿ ಒಳ್ಳೆಯ ನೀರು ಬಂದರೆ ಮಕ್ಕಳು ಉಳಿದುಕೊಳ್ಳುತ್ತಾರೆ. ಹಳೆಯ ನೀರನ್ನು ನಲವತ್ತು ವರ್ಷ ಕುಡಿದವರ ಮೂಳೆಯಲ್ಲಿ ಕೂತ ಫ್ಲೋರೈಡ್ ಮಾತ್ರ ಸುಲಭಕ್ಕೆ ಹೋಗದು. ಪೌಷ್ಟಿಕತೆ, ಅದರಲ್ಲೂ ಕ್ಯಾಲ್ಸಿಯಂ ಕಡಿಮೆ ಇರುವವರಲ್ಲಿ ಕೇಡು ಹೆಚ್ಚು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಈ ಸೀಮೆ ರಾಗಿಯ ಸೀಮೆ. ಮುದ್ದೆ ಬಿಟ್ಟು ಪಡಿತರದ ಅಕ್ಕಿಗೆ ಹೊರಳಿದ ಮನೆಗಳು ಇದನ್ನು ನೆನಪಿಟ್ಟುಕೊಳ್ಳಬೇಕು.

ನೀರಿನ ಮೇಲೆ ದುಡಿಮೆ. ಹೊಸೂರಿನ ಸುತ್ತ ಹಸಿರುಮನೆಗಳಲ್ಲಿ ಗುಲಾಬಿ ಕೊಯ್ಯುವವರು ದಿನವಿಡೀ ನಿಂತೇ ಇರುತ್ತಾರೆ. ಕೃಷ್ಣಗಿರಿಯ ಮಾವಿನ ಮಂಡಿಗಳಲ್ಲಿ ಕ್ರೇಟು ಹೊರುವವರು, ಕಲ್ಲು ಕ್ವಾರಿಗಳಲ್ಲಿ ಡ್ರಿಲ್ ಹಿಡಿಯುವವರು, ಗ್ರಾನೈಟ್ ಪಾಲಿಷ್ ಮಾಡುವವರು ಇದ್ದಾರೆ. ಎಪ್ಪತ್ತರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶದಲ್ಲಿ ಟ್ರಕ್, ಬೈಕ್, ಕೈಗಡಿಯಾರದಿಂದ ಹಿಡಿದು ಈಗ ಮೊಬೈಲಿನ ಬಿಡಿಭಾಗದವರೆಗೆ ಎಲ್ಲವೂ ತಯಾರಾಗುತ್ತವೆ. ದೂರದ ಜಿಲ್ಲೆಗಳಿಂದ, ಉತ್ತರದ ರಾಜ್ಯಗಳಿಂದ ಬಂದ ಹುಡುಗಿಯರು ಹಾಸ್ಟೆಲುಗಳಲ್ಲಿದ್ದು ಶಿಫ್ಟಿನಲ್ಲಿ ದುಡಿಯುತ್ತಾರೆ. ಯಾವ ಕಾರ್ಖಾನೆಯೇ ಆಗಲಿ, ಒಂದೇ ಭಂಗಿಯಲ್ಲಿ ಒಂದೇ ಚಲನೆಯನ್ನು ಸಾವಿರ ಸಲ ಮಾಡುವ ಕೈಗೆ, ಕುತ್ತಿಗೆಗೆ ನೋವು ಬರುವುದು ಇಪ್ಪತ್ತೈದರ ವಯಸ್ಸಿನಲ್ಲೇ. ತಳಿಯ ಅಜ್ಜಿಯ ಸೊಂಟನೋವೂ ಲೈನಿನಲ್ಲಿ ನಿಂತ ಹುಡುಗಿಯ ಮಣಿಕಟ್ಟಿನ ನೋವೂ ಒಂದೇ ಸಾಲಿನಲ್ಲಿ, ಒಂದೇ ಹೊರರೋಗಿ ಕೊಠಡಿಯ ಮುಂದೆ ಕೂತಿರುತ್ತವೆ.

ಜಗತ್ತಿನ ಲೆಕ್ಕವೂ ಇದಕ್ಕೆ ಹೊರತಲ್ಲ. 2020ರಲ್ಲಿ 61.9 ಕೋಟಿ ಜನರಿಗೆ ಸೊಂಟನೋವು ಇತ್ತೆಂದು ಜಾಗತಿಕ ಅಂದಾಜು. ಮನುಷ್ಯರನ್ನು ಕೊಲ್ಲದೆ ಕೆಲಸಕ್ಕೆ ಬಾರದಂತೆ ಮಾಡುವ ಕಾಯಿಲೆಗಳಲ್ಲಿ ಅದಕ್ಕೇ ಮೊದಲ ಸ್ಥಾನ.

ನೆನಪು ಹೇಳುವ ಸುಳ್ಳು

ಆ ಹೊರರೋಗಿ ಕೊಠಡಿಯೊಳಗೆ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ:

"ಎಷ್ಟು ದಿನದಿಂದ ಐತಮ್ಮ ನೋವು?"

"ಬೋ ದಿನದಿಂದ ಐತೆ ಸಾರ್."

"ಎಲ್ಲಿ?"

"ಮೈಯೆಲ್ಲಾ."

"ರಾತ್ರಿ ಜಾಸ್ತಿಯೋ, ಹಗಲೋ?"

"ಯಾವಾಗ್ಲೂ ಐತೆ ಸಾರ್."

ಅಷ್ಟರಲ್ಲಿ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್ನಿನಲ್ಲಿ 22.5 ನಿಮಿಷ. ಭಾರತದ್ದು ಎರಡು ನಿಮಿಷದ ಆಸುಪಾಸು. ಎರಡು ನಿಮಿಷದಲ್ಲಿ "ಮೈಯೆಲ್ಲಾ, ಯಾವಾಗ್ಲೂ" ಎಂಬ ಉತ್ತರದಿಂದ ಕಾಯಿಲೆ ಪತ್ತೆ ಮಾಡಲು ಯಾವ ವೈದ್ಯರಿಗೂ ಆಗದು. ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ಒಂದು ವಿಟಮಿನ್: ಚೀಟಿ ಮುಗಿಯಿತು.

ರೋಗಿಯನ್ನು ದೂರುವಂತಿಲ್ಲ. ಕಳೆದ ತಿಂಗಳ ನೋವು ನೆನಪಿನಲ್ಲಿ ಇದ್ದಂತೆ ಇರುವುದಿಲ್ಲ. ಡೊನಾಲ್ಡ್ ರೆಡೆಲ್‌ಮಿಯರ್ ಮತ್ತು ಡೇನಿಯಲ್ ಕಾನಮನ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸೊಗಸಾಗಿ ತೋರಿಸಿತು. ದೊಡ್ಡ ಕರುಳಿನ ಪರೀಕ್ಷೆಗೆ ಒಳಗಾದವರಿಂದ ಪರೀಕ್ಷೆ ನಡೆಯುತ್ತಿರುವಾಗಲೇ ನಿಮಿಷ ನಿಮಿಷಕ್ಕೂ ನೋವಿನ ಅಂಕ ಕೇಳಿ ಬರೆದುಕೊಂಡರು. ಮುಗಿದ ಮೇಲೆ "ಒಟ್ಟಾರೆ ಎಷ್ಟಿತ್ತು?" ಎಂದು ಕೇಳಿದರು. ಒಟ್ಟು ಎಷ್ಟು ಹೊತ್ತು ನೋವಿತ್ತು ಎಂಬುದಕ್ಕೂ ಆ ಉತ್ತರಕ್ಕೂ ಸಂಬಂಧವೇ ಇರಲಿಲ್ಲ ಎನ್ನಬಹುದು. ಅತಿ ತೀವ್ರವಾಗಿದ್ದ ಗಳಿಗೆ ಮತ್ತು ಕೊನೆಯ ಗಳಿಗೆ, ಇವೆರಡೇ ನೆನಪಿನಲ್ಲಿ ನಿಂತಿದ್ದವು. ವೈದ್ಯರ ಮುಂದೆ ಕೂತಾಗ ನಾವು ಹೇಳುವುದು ಮೊನ್ನೆಯ ಕೆಟ್ಟ ರಾತ್ರಿಯನ್ನು ಮತ್ತು ಬಸ್ಸಿನಲ್ಲಿ ನಿಂತು ಬಂದ ಈ ಬೆಳಗನ್ನು. ನಡುವಿನ ಮೂರು ವಾರ ಅಳಿಸಿಹೋಗಿರುತ್ತದೆ.

ಹಾಗಾದರೆ ಪುಸ್ತಕದಲ್ಲಿ ಬರೆದಿಡಲಿ ಎನ್ನಬಹುದು. ಹಿಂದಿನ ವೈದ್ಯರೂ ಅದನ್ನೇ ಹೇಳುತ್ತಿದ್ದರು. ಅಮೆರಿಕದ ಆರ್ಥರ್ ಸ್ಟೋನ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ದೀರ್ಘಕಾಲದ ನೋವಿದ್ದ 80 ಮಂದಿಯಲ್ಲಿ ಅರ್ಧ ಜನರಿಗೆ ಕಾಗದದ ದಿನಚರಿ, ಉಳಿದವರಿಗೆ ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್. ದಿನಕ್ಕೆ ಮೂರು ಸಲ, ಗೊತ್ತಾದ ಹೊತ್ತಿಗೆ, ಮೂರು ವಾರ ಬರೆಯಬೇಕು. ಕಾಗದದ ದಿನಚರಿಯ ಹೊದಿಕೆಯೊಳಗೆ ಬೆಳಕು ಬಿದ್ದರೆ ಗುರುತಿಸುವ ಸಣ್ಣ ಸಾಧನವನ್ನು ಅಡಗಿಸಿಟ್ಟಿದ್ದರು. ಯಾವಾಗ ತೆರೆದರೆಂಬುದು ಅದರಲ್ಲಿ ದಾಖಲಾಗುತ್ತಿತ್ತು. ಕಾಗದದವರು ಶೇ 90ರಷ್ಟು ಸಲ ಸಮಯಕ್ಕೆ ಸರಿಯಾಗಿ ಬರೆದಿದ್ದೇವೆ ಎಂದರು. ನಿಜವಾಗಿ ಬರೆದದ್ದು ಶೇ 11. ಸುಮಾರು ಮೂರರಲ್ಲಿ ಒಂದು ದಿನ ದಿನಚರಿ ತೆರೆದೇ ಇರಲಿಲ್ಲ, ಆದರೂ ಆ ದಿನಗಳ ಪುಟ ಬಹುಪಾಲು ಭರ್ತಿಯಾಗಿತ್ತು. ಸಮಯಕ್ಕೆ ಸದ್ದು ಮಾಡಿ ಕೇಳುವ ಸಾಧನ ಹಿಡಿದವರು ಬರೆದದ್ದು ಶೇ 94.

ಫೋನಿನ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ಫೋನು ಬುದ್ಧಿವಂತ ಎಂಬುದಲ್ಲ ಇಲ್ಲಿಯ ಮಾತು. ಅದು ಹೊತ್ತಿಗೆ ಸರಿಯಾಗಿ ಕೇಳುತ್ತದೆ, ಕೇಳಿದ ಹೊತ್ತನ್ನೂ ಬರೆದುಕೊಳ್ಳುತ್ತದೆ, ಆಮೇಲೆ ಕೂತು ಹಳೆಯ ಪುಟ ತುಂಬಲು ಬಿಡುವುದಿಲ್ಲ.

ಮೋಡ ಕವಿದ ದಿನ

ಈಗ ಸಿಗುವ ನೋವಿನ ಆ್ಯಪ್‌ಗಳು ಬಹುಮಟ್ಟಿಗೆ ಒಂದೇ ಥರ ಕೆಲಸ ಮಾಡುತ್ತವೆ. ಮನುಷ್ಯನ ಮೈಯ ಚಿತ್ರ ಬರುತ್ತದೆ, ನೋವಿರುವ ಕಡೆ ಬೆರಳಿಡಬೇಕು. ಸೊನ್ನೆಯಿಂದ ಹತ್ತರವರೆಗಿನ ಗೀಟಿನ ಮೇಲೆ ಎಷ್ಟೆಂದು ತೋರಿಸಬೇಕು. ನಿದ್ದೆ, ನಡಿಗೆ, ನುಂಗಿದ ಮಾತ್ರೆ, ಮನಸ್ಸಿನ ಸ್ಥಿತಿ ಸೇರಿಸಬಹುದು. ವಾರ ಕಳೆದ ಮೇಲೆ ಏರಿಳಿತದ ನಕ್ಷೆ ಬರುತ್ತದೆ. ಕೆನಡಾದ 'ಮ್ಯಾನೇಜ್ ಮೈ ಪೇನ್', ತಲೆನೋವಿನವರ 'ಮೈಗ್ರೇನ್ ಬಡಿ' ಇಂಥವುಗಳಲ್ಲಿ ಹೆಸರಾದವು.

ಇವುಗಳಿಂದ ಏನು ತಿಳಿಯಬಹುದು ಎಂಬುದಕ್ಕೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿಲ್ ಡಿಕ್ಸನ್ ನೇತೃತ್ವದ ಅಧ್ಯಯನ ಒಳ್ಳೆಯ ಉದಾಹರಣೆ. ಮಳೆ ಬರುವ ಮೊದಲೇ ಕೀಲು ಹಿಡಿಯುತ್ತದೆ ಎಂದು ಹೊಸೂರಿನ ಅಜ್ಜಿಯರೂ ಹೇಳುತ್ತಾರೆ, ಇಂಗ್ಲೆಂಡಿನ ಅಜ್ಜಿಯರೂ ಹೇಳುತ್ತಾರೆ. ಅದು ನಿಜವೇ ಎಂದು ನೋಡಲು 2016ರಲ್ಲಿ ಬ್ರಿಟನ್ನಿನಾದ್ಯಂತ 13,000ಕ್ಕೂ ಹೆಚ್ಚು ಮಂದಿಯ ಫೋನಿಗೆ ಒಂದು ಆ್ಯಪ್ ಕೊಟ್ಟರು. ಜನ ದಿನವೂ ನೋವಿನ ಮಟ್ಟ ಬರೆದರು. ಅವರಿದ್ದ ಜಾಗದ ಹವಾಮಾನವನ್ನು ಫೋನಿನ ಜಿಪಿಎಸ್ ನೆರವಿನಿಂದ ಹೊಂದಿಸಿಕೊಂಡರು. ತಿಂಗಳುಗಟ್ಟಲೆ ಬಿಡದೆ ಬರೆದ 2,658 ಮಂದಿಯ ಲೆಕ್ಕ 2019ರಲ್ಲಿ ಹೊರಬಂತು. ಗಾಳಿಯಲ್ಲಿ ತೇವ ಹೆಚ್ಚಾದಾಗ, ವಾಯುಭಾರ ಕುಸಿದಾಗ, ಗಾಳಿ ಜೋರಾದಾಗ ನೋವು ಹೆಚ್ಚುವುದು ನಿಜ. ಆದರೆ ಪ್ರಮಾಣ ಸಣ್ಣದು: ಸಾಮಾನ್ಯ ಹವೆಯಲ್ಲಿ ನೂರರಲ್ಲಿ ಐದಿದ್ದ ಸಾಧ್ಯತೆ, ತೇವ ಮತ್ತು ಗಾಳಿಯ ದಿನ ಆರಕ್ಕೇರುತ್ತದೆ. ಬರೀ ಚಳಿಗೂ ನೋವಿಗೂ ಅಂಥ ನಂಟು ಕಾಣಲಿಲ್ಲ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿನ ಆಸುಪಾಸಿನಲ್ಲಿರುವ ಹೊಸೂರಿನ ಮಾರ್ಗಶಿರದ ಚಳಿಯನ್ನು ದೂರುವವರು ಆಷಾಢದ ಗಾಳಿಯನ್ನು ಒಮ್ಮೆ ಗಮನಿಸಬೇಕು. ಅಲ್ಲಿಯ ಫಲಿತಾಂಶ ಇಲ್ಲಿಗೂ ಹೊಂದುತ್ತದೆಯೇ ಎಂಬುದಕ್ಕೆ ಇಲ್ಲಿಯ ಜನ ಇಲ್ಲಿಯ ಹವೆಯಲ್ಲಿ ಬರೆದಿಟ್ಟ ಲೆಕ್ಕವೇ ಬೇಕು.

ಎಲ್ಲ ಆ್ಯಪ್‌ಗಳ ಹಿಂದೆ ಇಂಥ ಶ್ರದ್ಧೆ ಇಲ್ಲ. ಕೆನಡಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ನೋವಿಗೆ ಸಂಬಂಧಿಸಿದ 279 ಆ್ಯಪ್‌ಗಳನ್ನು ಜಾಲಾಡಿದ್ದರು. ತಯಾರಿಯಲ್ಲಿ ವೈದ್ಯಕೀಯ ವೃತ್ತಿಯವರು ಕೈಜೋಡಿಸಿದ್ದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಆ್ಯಪ್‌ಗಳಲ್ಲಿ.

ಅಂಕಿಯ ಹಿಂದೆ ಬಂದ ಮಾತ್ರೆ

ನೋವಿಗೆ ಅಂಕ ಕೊಡುವುದರಿಂದ ಕೇಡೂ ಆಗಿದೆ. ಅಮೆರಿಕದ ನೋವು ತಜ್ಞರ ಸಂಘ ತೊಂಬತ್ತರ ದಶಕದ ನಡುವಿನಲ್ಲಿ ನೋವನ್ನು 'ಐದನೆಯ ಜೀವಲಕ್ಷಣ' ಎಂದು ಸಾರಿತು. ಜ್ವರ, ನಾಡಿ, ಉಸಿರು, ಬಿಪಿ ನೋಡುವಂತೆಯೇ ಪ್ರತಿ ರೋಗಿಯ ನೋವನ್ನೂ ಕೇಳಿ ಬರೆಯಬೇಕು ಎಂಬ ಸದುದ್ದೇಶ ಅದರದು. 2001ರಲ್ಲಿ ಅಲ್ಲಿಯ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯೂ ನೋವಿನ ತಪಾಸಣೆಯನ್ನು ಕಡ್ಡಾಯ ಮಾಡಿತು. ಏಳು, ಎಂಟು ಎಂಬ ಅಂಕಿ ಬಂದ ಕಡೆ ಅದನ್ನು ಮೂರಕ್ಕೆ ಇಳಿಸಲು ಹತ್ತಿರದ ದಾರಿ ಅಫೀಮಿನ ವರ್ಗದ ಮಾತ್ರೆಯಾಗಿತ್ತು. ಔಷಧ ಕಂಪನಿಗಳ ಪ್ರಚಾರ ಅದಕ್ಕೆ ಜೊತೆಯಾಯಿತು. ಮುಂದಿನ ಎರಡು ದಶಕಗಳಲ್ಲಿ ಆ ಮಾತ್ರೆಗಳ ಚಟ ಲಕ್ಷಾಂತರ ಜೀವ ತೆಗೆದ ಪಿಡುಗಿಗೆ ದಾರಿಯಾಯಿತು. 2016ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 'ಐದನೆಯ ಜೀವಲಕ್ಷಣ'ದ ಮಾತನ್ನು ಕೈಬಿಡುವಂತೆ ಹೇಳಿತು.

ನಮ್ಮಲ್ಲಿಯ ಅಪಾಯ ಬೇರೆ ಬಗೆಯದು. ಇಲ್ಲಿ ಕ್ಯಾನ್ಸರಿನ ಕೊನೆಯ ದಿನಗಳಲ್ಲಿರುವವರಿಗೂ ಮಾರ್ಫಿನ್ ಸಿಗುವುದು ಕಷ್ಟವಾಗಿತ್ತು; 1985ರ ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದ ಮೇಲೆ ದಾರಿ ಸ್ವಲ್ಪ ಸಲೀಸಾಯಿತು. ಸುಲಭವಾಗಿ ಸಿಗುವುದು ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆಯೇ "ಮಂಡಿನೋವಿಗೆ ಎರಡು ಕೊಡಿ" ಎಂದರೆ ಕೈಗೆ ಬರುತ್ತವೆ. ಬಿಪಿ, ಸಕ್ಕರೆ ಎರಡೂ ಇರುವವರು ಇವನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಹಳ್ಳಿಗಳಲ್ಲಿ ಪೊಟ್ಟಣ ಕಟ್ಟಿ ಕೊಡುವ ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇದ್ದರೆ ಇನ್ನೂ ಕೆಟ್ಟದ್ದು. ಯೋಜನೆಯ ಸ್ವಯಂಸೇವಕಿ ಬಿಪಿಯ ಮಾತ್ರೆಯನ್ನು ಮನೆಗೆ ತಂದು ಕೊಡುತ್ತಾಳೆ. ಅದೇ ಮನೆಯ ಗೂಡಿನಲ್ಲಿ ಬಿಪಿಯನ್ನು ಏರಿಸುವ ನೋವಿನ ಮಾತ್ರೆಯೂ ಇರುತ್ತದೆ. ನೋವಿನ ದಾಖಲೆಯಲ್ಲಿ ಯಾವ ಮಾತ್ರೆ, ವಾರಕ್ಕೆ ಎಷ್ಟು ಎಂಬ ಒಂದು ಸಾಲು ಸೇರಿದರೂ ಎಷ್ಟೋ ಮೂತ್ರಪಿಂಡಗಳು ಉಳಿದಾವು. ದಿನಚರಿಯಿಂದ ಬೇರೇನೂ ಆಗದಿದ್ದರೂ ಇಷ್ಟಾದರೆ ಸಾಕು ಎನ್ನುವಷ್ಟು ಇದು ದೊಡ್ಡದು.

ಇನ್ನೊಂದು ಎಚ್ಚರಿಕೆಯೂ ಬೇಕು. ಸೊಂಟ ಉಳುಕಿದವರಿಗೆ ನೋವಿನ ದಿನಚರಿ ಬರೆಸಿ ನೋಡಿದ ಕೆನಡಾದ ಅಧ್ಯಯನವೊಂದರಲ್ಲಿ, ಬರೆದವರು ಬರೆಯದವರಿಗಿಂತ ನಿಧಾನವಾಗಿ ಗುಣವಾದರು. ತಾನಾಗಿ ಮಾಯುವ ನೋವನ್ನು ದಿನವೂ ಕೆದಕಿ ನೋಡುತ್ತಿದ್ದರೆ ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ನಿನ್ನೆ ಮೊನ್ನೆ ಉಳುಕಿದವರಿಗೆ ಆ್ಯಪ್ ಬೇಡ. ಮೂರು ತಿಂಗಳು ಮೀರಿದ ನೋವನ್ನು ವೈದ್ಯಲೋಕ ದೀರ್ಘಕಾಲದ ನೋವು ಎನ್ನುತ್ತದೆ. ದಾಖಲೆ ಬೇಕಾದದ್ದು ಅಂಥ ನೋವಿರುವವರಿಗೆ. ಅದೂ ವರ್ಷವಿಡೀ ಬೇಡ. ವೈದ್ಯರನ್ನು ಕಾಣುವ ಮೊದಲು ಎರಡು ಮೂರು ವಾರ, ಚಿಕಿತ್ಸೆ ಬದಲಾದ ಮೇಲೆ ಮತ್ತೆ ಎರಡು ಮೂರು ವಾರ.

ಏನು ಕೇಳಬೇಕು, ಯಾವ ಮಾತಿನಲ್ಲಿ

ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆಂದೇ ಅಮೆರಿಕದ ಎರಿನ್ ಕ್ರೆಬ್ಸ್ ಮತ್ತು ಸಂಗಡಿಗರು 2009ರಲ್ಲಿ ಮೂರೇ ಮೂರು ಪ್ರಶ್ನೆಗಳ ಒಂದು ಅಳತೆಯನ್ನು ರೂಪಿಸಿದರು. ಕಳೆದ ವಾರ ಸರಾಸರಿ ನೋವು ಎಷ್ಟಿತ್ತು? ಬದುಕಿನ ಸಂತೋಷಕ್ಕೆ ಅದು ಎಷ್ಟು ಅಡ್ಡ ಬಂತು? ದಿನದ ಕೆಲಸಕ್ಕೆ ಎಷ್ಟು ಅಡ್ಡ ಬಂತು? ಈ ಮೂರರಲ್ಲಿ ಎರಡು ಪ್ರಶ್ನೆ ನೋವನ್ನು ಬಿಟ್ಟು ಬದುಕನ್ನು ಕೇಳುತ್ತವೆ ಎಂಬುದೇ ಇದರ ಹಿರಿಮೆ. ಐದು ಎಂಬ ಅಂಕ ಒಬ್ಬೊಬ್ಬರಿಗೆ ಒಂದೊಂದು. "ನಿನ್ನೆ ನೀರಿನ ಬಿಂದಿಗೆ ಎತ್ತಿದ್ರಾ? ಕೆಳಗೆ ಕೂತು ಎದ್ರಾ? ರಾತ್ರಿ ಎಷ್ಟು ಸಲ ಎಚ್ಚರ ಆಯ್ತು?" ಎಂದರೆ ಉತ್ತರ ಸ್ಪಷ್ಟವಾಗಿ ಬರುತ್ತದೆ. ಮುದ್ದೆ ತೊಳಸಲು ಆಗುವುದೋ ಇಲ್ಲವೋ ಎಂಬುದು ಕೈಯ ಕೀಲಿನ ಬಗ್ಗೆ ಹೇಳುವಷ್ಟನ್ನು ಹತ್ತಕ್ಕೆ ಇಷ್ಟು ಎಂಬ ಅಂಕ ಹೇಳಲಾರದು.

ಮಾತಿನ ಬಗೆಯೂ ಮುಖ್ಯ. ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು ಗುಂಪು ಮಾಡಿ ಕೊಟ್ಟ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಕಾರಣ ಸರಳ. ಉರಿ, ಜೋಮು, ಕರೆಂಟು ಹೊಡೆದ ಹಾಗೆ ಎಂದರೆ ವೈದ್ಯರು ನರದ ಕಡೆ ಯೋಚಿಸುತ್ತಾರೆ. ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಡೈಕ್ಲೋಫೆನಾಕ್ ಕೆಲಸ ಮಾಡುವುದಿಲ್ಲ, ಬೇರೆಯೇ ಮಾತ್ರೆ ಬೇಕು. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಒಂದು ಗಂಟೆಯಾದರೂ ಆಗದು ಎಂದರೆ ಕೀಲುವಾತದ ಅನುಮಾನ. ನಡೆದಾಗ ಹೆಚ್ಚಿ ಕೂತಾಗ ಇಳಿದರೆ ಸವೆದ ಮಂಡಿ. ರಾತ್ರಿ ಮಲಗಿದಾಗಲೂ ಬಿಡದೆ ಕಾಡುವ, ತೂಕ ಇಳಿಸುವ ಬೆನ್ನುನೋವು ಎಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದದ್ದು. ಈ ವ್ಯತ್ಯಾಸಗಳನ್ನು ಜನ ತಮ್ಮ ಮನೆಮಾತಿನಲ್ಲಿ ಸಲೀಸಾಗಿ ಹೇಳುತ್ತಾರೆ. ಹೊಸೂರು, ತಳಿ, ಬಾಗಲೂರು, ಬೇರಿಗೆಯ ಮನೆಗಳಲ್ಲಿ ಆ ಮಾತು ಕನ್ನಡ ಇಲ್ಲವೇ ತೆಲುಗು. ಆಸ್ಪತ್ರೆಯ ಕಾಗದ ತಮಿಳು ಇಲ್ಲವೇ ಇಂಗ್ಲಿಷ್. ಬಿಪಿಯ ಅಂಕಿಗೆ ಇದರಿಂದ ತೊಂದರೆ ಇಲ್ಲ. ನೋವಿಗೆ ಇದೆ. ಕೇಂದ್ರ ಸರ್ಕಾರದ 'ಭಾಷಿಣಿ' 2022ರಿಂದ ಭಾರತೀಯ ಭಾಷೆಗಳ ಮಾತನ್ನು ಬರಹಕ್ಕೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ಇಳಿಸುವ ಕೆಲಸದಲ್ಲಿದೆ. ಓದು ಬಾರದ ಅಜ್ಜಿ ಕನ್ನಡದಲ್ಲಿ ಹೇಳಿದ್ದನ್ನು ವೈದ್ಯರು ತಮಿಳಿನಲ್ಲಿ ಓದುವಂತೆ ಮಾಡಲು ತಂತ್ರಜ್ಞಾನದ ಕೊರತೆ ಇಲ್ಲ.

ಫ್ಲೋರೈಡಿನ ಸೀಮೆಯಲ್ಲಿ ಇನ್ನೂ ಒಂದು ಸೇರಬೇಕು. ಫ್ಲೋರೋಸಿಸ್ ತಡೆಗೆ 2008–09ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಳ್ಳಿಯಲ್ಲೇ ಮಾಡಬಹುದಾದ ಮೂರು ಸರಳ ಪರೀಕ್ಷೆಗಳಿವೆ. ಮಂಡಿ ಬಗ್ಗಿಸದೆ ನೆಲದ ಮೇಲಿನ ನಾಣ್ಯ ಎತ್ತಲಾಗುತ್ತದೆಯೇ? ಗಲ್ಲ ಎದೆಗೆ ತಾಗುತ್ತದೆಯೇ? ತೋಳು ಚಾಚಿ, ಮೊಣಕೈ ಮಡಚಿ, ಕೈಯನ್ನು ತಲೆಯ ಹಿಂದೆ ತಾಗಿಸಲಾಗುತ್ತದೆಯೇ? ಯಾವ ಯಂತ್ರವೂ ಬೇಡ, ಎರಡು ನಿಮಿಷ ಸಾಕು. ಒಂದು ಹಟ್ಟಿಯಲ್ಲಿ ಹತ್ತು ಮಂದಿಗೆ ನಾಣ್ಯ ಎತ್ತಲಾಗಲಿಲ್ಲ ಎಂಬುದು ಫೋನಿನಲ್ಲಿ ದಾಖಲಾದರೆ ಆ ಹಟ್ಟಿಯ ಬೋರ್‌ವೆಲ್ ನೀರನ್ನು ಪರೀಕ್ಷಿಸಲು ಬೇರೆ ಕಾರಣ ಬೇಕಿಲ್ಲ. ಒಬ್ಬೊಬ್ಬರ ನೋವಾಗಿ ಕಂಡದ್ದು ಆಗ ಇಡೀ ಊರಿನ ನೀರಿನ ಪ್ರಶ್ನೆಯಾಗಿ ಕಾಣುತ್ತದೆ.

ಫೋನು ಯಾರ ಕೈಯಲ್ಲಿದೆ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರಲ್ಲಿ 15ರಿಂದ 49ರ ಹೆಂಗಸರನ್ನು ಕೇಳಿತು: ನೀವೇ ಬಳಸುವ ನಿಮ್ಮದೇ ಮೊಬೈಲ್ ಇದೆಯೇ? ದೇಶದಲ್ಲಿ ಹೌದೆಂದವರು ಶೇ 54. ತಮಿಳುನಾಡಿನಲ್ಲಿ ಮುಕ್ಕಾಲು ಪಾಲು, ಕರ್ನಾಟಕದಲ್ಲಿ ಅದಕ್ಕಿಂತ ಕಡಿಮೆ. ಅದರಲ್ಲೂ ಎಲ್ಲವೂ ಸ್ಮಾರ್ಟ್‌ಫೋನ್ ಅಲ್ಲ. ನೋವು ಹೆಚ್ಚಿರುವುದು ಅರವತ್ತು ದಾಟಿದ ಹೆಂಗಸರಲ್ಲಿ, ಫೋನು ಇರುವುದು ಮೊಮ್ಮಗನ ಜೇಬಿನಲ್ಲಿ. ಅವನು ಬೆಳಗ್ಗೆ ಕಂಪನಿ ಬಸ್ಸು ಹತ್ತಿದರೆ ರಾತ್ರಿ ಮನೆಗೆ. ಅಂಚೆಟ್ಟಿಯ ಕಾಡಂಚಿನ ಹಳ್ಳಿಗಳಲ್ಲಿ ಸಿಗ್ನಲ್ಲಿಗಾಗಿ ದಿಣ್ಣೆ ಹತ್ತಬೇಕು. ಕಾರ್ಖಾನೆಯ ಹುಡುಗಿಯರಿಗೆ ಫೋನು ಇದೆ, ಆದರೆ ಒಳಗೆ ಒಯ್ಯುವಂತಿಲ್ಲದ ಕಡೆಗಳುಂಟು. ಹೀಗಿರುವಾಗ ಪ್ಲೇ ಸ್ಟೋರಿನಿಂದ ಆ್ಯಪ್ ಇಳಿಸಿಕೊಳ್ಳಿ ಎಂದು ಪೋಸ್ಟರು ಅಂಟಿಸಿದರೆ ಕೆಲಸ ಆಗುವುದಿಲ್ಲ.

ಈಗಾಗಲೇ ಮನೆಬಾಗಿಲಿಗೆ ಬರುತ್ತಿರುವ ಫೋನು ಸ್ವಯಂಸೇವಕಿಯದು. ಅವಳು ಅದೇ ಊರಿನವಳು, ಮನೆಯವರ ಮಾತು ಬಲ್ಲವಳು, "ಅಕ್ಕ", "ಅತ್ತೆ" ಎಂದು ಕರೆಯುವವಳು. ಬಿಪಿ ನೋಡಿದ ಮೇಲೆ ಮೂರು ಪ್ರಶ್ನೆ ಕೇಳಿ, ನುಂಗುವ ಮಾತ್ರೆಯನ್ನು ನೋಡಿ, ನಾಣ್ಯ ಎತ್ತಿಸಿ ದಾಖಲಿಸಲು ಹೆಚ್ಚು ಹೊತ್ತು ಬೇಡ. ನೋವು ತೀವ್ರವಿರುವವರಿಗೆ ಮಾತ್ರ ದಿನಚರಿ. ಸ್ಮಾರ್ಟ್‌ಫೋನ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಮಾಮೂಲಿ ಫೋನಿಗೆ ಸಂಜೆ ಕನ್ನಡದಲ್ಲೇ ಬರುವ ಒಂದು ಕರೆ. ಉತ್ತರಕ್ಕೆ ಗುಂಡಿ ಒತ್ತಿದರೆ ಆಯಿತು. ಆದರೆ ಈ ಹೆಂಗಸರು ಗೌರವಧನಕ್ಕೆ ದುಡಿಯುವವರು. ಕೆಲಸ ಸೇರಿಸುವ ಇಲಾಖೆ ಹಣವನ್ನೂ ಸೇರಿಸಬೇಕು. ಇನ್ನೊಬ್ಬರ ಮಂಡಿನೋವು ಬರೆಯಲು ಹಳ್ಳಿ ಹಳ್ಳಿ ಸುತ್ತುವವರ ಮಂಡಿಯ ಬಗ್ಗೆ ಯಾರೂ ಕೇಳದಿರುವುದು ನ್ಯಾಯವಲ್ಲ.

ಬರೆದದ್ದನ್ನು ಯಾರು ಓದುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಓದುವವರಿಲ್ಲದ ದಿನಚರಿಯನ್ನು ಜನ ಎರಡು ವಾರದಲ್ಲಿ ಬಿಡುತ್ತಾರೆ, ಬಿಡುವುದೇ ಸರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮುಂದೆ ಮೂರು ವಾರದ ನೋವು ಒಂದು ಪುಟದಲ್ಲಿ ಕಾಣಬೇಕು: ಎಲ್ಲಿ, ಯಾವ ಹೊತ್ತು, ಯಾವ ಕೆಲಸಕ್ಕೆ ಅಡ್ಡಿ, ಯಾವ ಮಾತ್ರೆ. ಆಗ ಆ ಎರಡು ನಿಮಿಷಕ್ಕೆ ಬೆಲೆ ಬರುತ್ತದೆ. ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮ, ತಿಳಿವಳಿಕೆ, ಮನೋಬಲಕ್ಕೆ ಒತ್ತು ಕೊಟ್ಟಿದೆ. ಸೊಂಟದ ಬೆಲ್ಟು, ಎಳೆತದ ಚಿಕಿತ್ಸೆ, ಅಫೀಮಿನ ವರ್ಗದ ಮಾತ್ರೆಗಳನ್ನು ಎಂದಿನ ಚಿಕಿತ್ಸೆಯಾಗಿ ಕೊಡಬೇಡಿ ಎಂದಿದೆ. ವ್ಯಾಯಾಮ ಕಲಿಸುವ ಫಿಸಿಯೋಥೆರಪಿಯವರು ಯೋಜನೆಯಲ್ಲೇ ಇದ್ದಾರೆ. ಯಾರ ಮನೆಗೆ ಮೊದಲು ಹೋಗಬೇಕು ಎಂಬುದನ್ನು ಈ ದಾಖಲೆ ಅವರಿಗೆ ಹೇಳಬಲ್ಲದು.

ದಾಖಲೆಯ ಒಡೆತನದ ಪ್ರಶ್ನೆಯನ್ನೂ ಹಗುರವಾಗಿ ಬಿಡುವಂತಿಲ್ಲ. ಗುತ್ತಿಗೆಯಲ್ಲಿ ದುಡಿಯುವ ಹುಡುಗಿಯ ಮಣಿಕಟ್ಟಿನ ನೋವಿನ ನಕ್ಷೆ ಕೆಲಸ ಕೊಟ್ಟವರ ಕೈಗೆ ಸಿಕ್ಕರೆ ಅವಳ ಕೆಲಸಕ್ಕೆ ಕುತ್ತು. ವಿಮಾ ಕಂಪನಿಗೆ ಸಿಕ್ಕರೆ ಕಂತು ಏರಬಹುದು. ಪುಕ್ಕಟೆ ಸಿಗುವ ಆ್ಯಪ್ ಮಾಹಿತಿ ಮಾರಿ ಬದುಕುತ್ತಿರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಬಾರದೆನ್ನುತ್ತದೆ, ಒಪ್ಪಿಗೆ ಹಿಂಪಡೆಯುವ ಹಕ್ಕನ್ನೂ ಕೊಡುತ್ತದೆ. ಆ ಹಕ್ಕು ಇದೆ ಎಂಬುದನ್ನು ಮನೆಬಾಗಿಲಲ್ಲೇ, ಮನೆಮಾತಿನಲ್ಲೇ ಹೇಳಬೇಕು.

ಗಡಿಯಾಚೆಯ ಕೋಲಾರದಲ್ಲೂ ನೆಲ ಅದೇ, ಬೋರ್‌ವೆಲ್ ಅದೇ, ಫ್ಲೋರೈಡೂ ಅದೇ. ಕರ್ನಾಟಕ ಸರ್ಕಾರದ 'ಗೃಹ ಆರೋಗ್ಯ' ಯೋಜನೆ 2024ರ ಅಕ್ಟೋಬರಿನಲ್ಲಿ ಆರಂಭವಾದದ್ದು ಕೋಲಾರ ಜಿಲ್ಲೆಯಲ್ಲೇ. ಮಾಲೂರಿನ ಹಳ್ಳಿಗೂ ಬೇರಿಗೆಯ ಹಳ್ಳಿಗೂ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧವಿದೆ. ಎರಡೂ ಕಡೆಯ ಸ್ವಯಂಸೇವಕಿಯರು, ಆಶಾ ಕಾರ್ಯಕರ್ತೆಯರು ಅವೇ ಮೂರು ಪ್ರಶ್ನೆಗಳನ್ನು ಕನ್ನಡ, ತೆಲುಗು, ತಮಿಳಿನಲ್ಲಿ ಕೇಳುವಂತೆ ಎರಡು ಆರೋಗ್ಯ ಇಲಾಖೆಗಳು ಕೂತು ಮಾತಾಡಿದರೆ, ನೋವಿನ ಒಂದು ದೊಡ್ಡ ಲೆಕ್ಕ ಈ ಗಡಿಯಲ್ಲೇ ಸಿದ್ಧವಾಗಬಹುದು. ಸಾಮನಪಳ್ಳಿಯ ಯೋಜನೆಯಲ್ಲೂ ಕೋಲಾರದ ಯೋಜನೆಯಲ್ಲೂ ನೋವಿನ ಅಂಕಣಕ್ಕೆ ಜಾಗ ಕೊಡಿ ಎಂದು ಇಲಾಖೆಗಳನ್ನು ಕೇಳುತ್ತೇನೆ.

ಅದಕ್ಕೆ ಕಾಯದೆ ಓದುಗರು ಮಾಡಬಹುದಾದದ್ದೂ ಇದೆ. ಮನೆಯ ಹಿರಿಯರನ್ನು ಮುಂದಿನ ಸಲ ಆಸ್ಪತ್ರೆಗೆ ಕರೆದೊಯ್ಯುವ ಮೊದಲು ಮೂರು ವಾರ ದಿನವೂ ಸಂಜೆ ಒಂದೇ ಹೊತ್ತಿಗೆ ಕೇಳಿ, ನಿಮ್ಮ ಫೋನಿನಲ್ಲೇ ಬರೆದಿಡಿ: ಇವತ್ತು ನೋವು ಎಲ್ಲಿತ್ತು, ಯಾವ ಹೊತ್ತಿನಲ್ಲಿ ಹೆಚ್ಚಿತು, ಯಾವ ಕೆಲಸ ಮಾಡಲಾಗಲಿಲ್ಲ, ನಿದ್ದೆ ಬಂತೇ, ಯಾವ ಮಾತ್ರೆ ನುಂಗಿದರು. ಮಾತ್ರೆಯ ಹಾಳೆಯ ಫೋಟೊ ತೆಗೆದುಕೊಳ್ಳಿ. ಕುಡಿಯುವ ನೀರು ಯಾವುದು, ಎಷ್ಟು ವರ್ಷದಿಂದ ಎಂದೂ ಸೇರಿಸಿ. ವೈದ್ಯರ ಮುಂದೆ ಕೂತ ಕೂಡಲೇ ಅದನ್ನು ತೋರಿಸಿ.